ಎರಡನೇ ಕೀ ಕೊಟ್ಟು ಬರಬೇಡಿ: ಬಟನ್ ಸ್ಟಾರ್ಟ್ ಹಾಕಿಸಿ ನಾವು ಕಾರು ಕಳೆದುಕೊಂಡಿದ್ದು ಹೀಗೆ

ಕಾರಿಗೆ ಹೊರಗಡೆ ಅಂಗಡಿಯಲ್ಲಿ ಬಟನ್ ಸ್ಟಾರ್ಟ್ ಅಥವಾ ರಿಮೋಟ್ ಸ್ಟಾರ್ಟ್ ಹಾಕಿಸಿದ್ದೀರಾ? ಆಗ ಅವರು ಎರಡನೇ ಕೀ ಕೇಳಿ ಇಸಿದುಕೊಂಡಿದ್ದರಾ? ಹೌದಾದರೆ ಇವತ್ತೇ ಆ ಕೀಯನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು, ಒಳಗೆ ಚಿಪ್ ಇದೆಯೋ ಇಲ್ಲವೋ ನೋಡಿಸಿ. "ಆ ಕೀಯಿಂದ ಗಾಡಿ ಸ್ಟಾರ್ಟ್ ಆಗುತ್ತದಲ್ಲ, ಮತ್ತೇನು" ಎಂದು ಸುಮ್ಮನಾಗಬೇಡಿ. ನಮ್ಮದೂ ಸ್ಟಾರ್ಟ್ ಆಗುತ್ತಿತ್ತು. ಚಿಪ್ ಇಲ್ಲದೆಯೂ ಆಗುತ್ತಿತ್ತು, ಅದಕ್ಕೇ ಕಾರು ಹೋಯಿತು.

ನಮ್ಮದು ದಾವಣಗೆರೆ, ನಿಟುವಳ್ಳಿ ಕಡೆ ಮನೆ. ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಹೊಂದಿಕೆಯಾಗದೆ, ಸಾಲ ಮಾಡಿ ಕಾರು ತೆಗೆದುಕೊಂಡೆವು. 2017ರ ಮಾಡೆಲ್, ಕೀ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಸಾಲದ ಕೊನೆಯ ಕಂತು ಕಟ್ಟಿದ ತಿಂಗಳು ಮಗ ಹಟ ಹಿಡಿದ. ಅವನ ಗೆಳೆಯರ ಮನೆಯ ಕಾರುಗಳಲ್ಲೆಲ್ಲ ಬಟನ್ ಇತ್ತು, ನಮ್ಮದರಲ್ಲೂ ಬೇಕು ಎಂದ. ಇಷ್ಟು ವರ್ಷ ಕಂತಿನ ನೆಪ ಹೇಳಿ ಅವನ ಬಾಯಿ ಮುಚ್ಚಿಸಿದ್ದೆವು, ಈ ಸಲ ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

ಊರಿನಲ್ಲೇ ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಹಾಕುವ ಅಂಗಡಿ. ಹೆಸರು ಬರೆಯುವುದಿಲ್ಲ. ಕಿಟ್ ಮತ್ತು ಕೂಲಿ ಸೇರಿ 7,500 ರೂಪಾಯಿ, ಬೆಳಿಗ್ಗೆ ಬಿಟ್ಟರೆ ಸಂಜೆ ಗಾಡಿ. "ಕಳ್ಳರ ಭಯನೇ ಇರಲ್ಲ ಮೇಡಂ, ರಿಮೋಟ್ ಹತ್ರ ಇಲ್ದಿದ್ರೆ ಗಾಡಿ ಅಲ್ಲಾಡಲ್ಲ, ಇನ್ಶೂರೆನ್ಸಲ್ಲೂ ಕಮ್ಮಿ ಆಗುತ್ತೆ" ಎಂದರು ಅಂಗಡಿಯವರು. ನಾನು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕೆಲಸದ ಹುಡುಗ ಬಂದು, "ಮೇಡಂ, ಇನ್ನೊಂದ್ ಕೀ ಬೇಕ್ರೀ, ಪ್ರೋಗ್ರಾಂ ಮಾಡೋಕೆ" ಎಂದ. ಆಟೋ ಹಿಡಿದು ಮನೆಗೆ ಬಂದು, ಬೀರುವಿನಲ್ಲಿ ಬಂಗಾರದ ಡಬ್ಬಿಯ ಪಕ್ಕ ಜೋಪಾನವಾಗಿಟ್ಟಿದ್ದ ಕೀ ತೆಗೆದು, ನಾನೇ ಒಯ್ದು ಅವನ ಕೈಗೆ ಕೊಟ್ಟೆ. ಸಂಜೆ ಎರಡೂ ಕೀ ವಾಪಸ್ ಬಂದವು. ಒಂದರ ಪ್ಲಾಸ್ಟಿಕ್ ಅಂಚಿನಲ್ಲಿ ಉಗುರಿನಷ್ಟು ಗೀರು ಇದ್ದದ್ದು ಕಣ್ಣಿಗೆ ಬಿತ್ತು. ಕೇಳಲಿಲ್ಲ.

ಎಂಟು ತಿಂಗಳು ಏನೂ ಆಗಲಿಲ್ಲ. ಸಂಕ್ರಾಂತಿ ಮುಗಿದ ವಾರ, ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದೆ, ಕಾರು ಇರಲಿಲ್ಲ. ನೆಲದ ಮೇಲೆ ಒಂದು ಚೂರು ಗಾಜಿಲ್ಲ. ಹಿಂದಿನ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಎತ್ತಿ ಕಾಂಪೌಂಡಿನ ಪಕ್ಕಕ್ಕೆ ಇಟ್ಟಿದ್ದರು. ನಮ್ಮ ಯಜಮಾನರ ಫೋನಿನಲ್ಲಿ ಫಾಸ್ಟ್ಯಾಗ್ ಮೆಸೇಜ್ ಇತ್ತು: ರಾತ್ರಿ 2:47, ಹೆಬ್ಬಾಳು ಟೋಲ್. ಅಂದರೆ ನಾವು ಮಲಗಿದ್ದಾಗಲೇ ಗಾಡಿ ಹೆದ್ದಾರಿ ಹತ್ತಿ ಚಿತ್ರದುರ್ಗದ ದಿಕ್ಕಿಗೆ ಹೋಗಿತ್ತು. ಆ ಮೆಸೇಜಿನಿಂದಾಚೆಗೆ ಈವರೆಗೂ ಸುಳಿವಿಲ್ಲ.

112ಕ್ಕೆ ಫೋನ್ ಮಾಡಿದೆವು, ಠಾಣೆಗೆ ಹೋಗಿ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ ಅಡಿಯಲ್ಲಿ ಎಫ್‌ಐಆರ್ ಮಾಡಿಸಿದೆವು, ಅದೇ ದಿನ ವಿಮಾ ಕಂಪನಿಗೂ ತಿಳಿಸಿದೆವು. ಎರಡೂ ಕಡೆ ಕೇಳಿದ ಮೊದಲ ಪ್ರಶ್ನೆ ಒಂದೇ: "ಕೀ ಎಷ್ಟಿವೆ? ಎರಡೂ ನಿಮ್ಮ ಹತ್ತಿರ ಇದಾವಾ?" ಇದ್ದವು. ವಿಮೆಯವರ ಕಡೆಯ ಪರಿಶೀಲಕರು ಎರಡನ್ನೂ ಕವರಿಗೆ ಹಾಕಿ, ಸೀಲ್ ಮಾಡಿ, ರಸೀತಿ ಕೊಟ್ಟು ಒಯ್ದರು. ಮೂರು ವಾರದ ಮೇಲೆ ಪತ್ರ ಬಂತು. ಒಂದು ಕೀಯಲ್ಲಿ ಚಿಪ್ ಇಲ್ಲ, ಇದಕ್ಕೆ ಲಿಖಿತ ವಿವರಣೆ ಕೊಡಿ. ಓದಿದವರಿಗೆ ನಾವೇ ಗಾಡಿ ಮಾರಿ ಕಳುವಿನ ನಾಟಕ ಮಾಡುತ್ತಿದ್ದೇವೆ ಅನ್ನಿಸುವ ಹಾಗಿತ್ತು ಆ ಪತ್ರ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನ್ನ ತಮ್ಮ ಚಿತ್ರದುರ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್. ಪತ್ರ ಓದಿಸಿಕೊಂಡ ತಕ್ಷಣ ಕೇಳಿದ: "ಅಕ್ಕಾ, ಬಟನ್ ಹಾಕ್ಸೋವಾಗ ಎರಡನೇ ಕೀ ಕೇಳಿದ್ರಾ?" ಹೂಂ ಅಂದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಮರುದಿನವೇ ಬಂದು ನನ್ನನ್ನು ಕರೆದುಕೊಂಡು ಅಂಗಡಿಗೆ ಹೋದ. ಅಂಗಡಿಯವರು ಮುಚ್ಚಿಡಲೂ ಇಲ್ಲ. "ಚಿಪ್ ಗಾಡಿಯಲ್ಲೇ ಇಟ್ಟಿದೀವಿ ಮೇಡಂ, ಸ್ಟೀರಿಂಗ್ ಕೆಳಗೆ. ಇಡ್ಲಿಲ್ಲ ಅಂದ್ರೆ ಬಟನ್ ಒತ್ತಿದ್ರೆ ಇಂಜಿನ್ ಹಿಡಿಯಲ್ಲ. ಎಲ್ಲಾ ಕಡೆ ಹಿಂಗೇ ಮಾಡೋದು." ಆ ಕೊನೆಯ ಮಾತಿಗಾಗಿಯೇ ನಾನು ಇದನ್ನೆಲ್ಲ ಬರೆಯಲು ಕೂತಿದ್ದು.

ಚಿಪ್ ಏನು ಮಾಡುತ್ತದೆ ಎಂದು ಗೊತ್ತಾದರೆ ಅವರು ಮಾಡಿದ್ದೇನು ಎಂಬುದು ತಾನಾಗಿ ತಿಳಿಯುತ್ತದೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿ ಕಾಳಿಗಿಂತ ತುಸು ದೊಡ್ಡದೊಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀ ತೂರಿಸುವ ತೂತಿನ ಸುತ್ತ, ಕವಚದ ಒಳಗೆ, ತಂತಿ ಸುತ್ತಿದ ಒಂದು ಉಂಗುರ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿಯಲ್ಲಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ, ಅದು ಚಿಪ್ಪಿನೊಳಗಿನ ಪುಟ್ಟ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ಒಂದು ಗುಟುಕು ವಿದ್ಯುತ್ತಿನಲ್ಲಿ ಚಿಪ್ ಎದ್ದು ತನ್ನ ಗುರುತು ಹೇಳುತ್ತದೆ. ಹತ್ತನೇ ತರಗತಿಗೆ ನಾನು ವರ್ಷಗಟ್ಟಲೆ ಹೇಳಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ದಿನಾ ಕೈಯಲ್ಲಿ ಹಿಡಿದ ಕೀಯಲ್ಲೇ ಅದು ಇತ್ತೆಂದು ಆಗ ಗೊತ್ತಿದ್ದರೆ ಮಕ್ಕಳಿಗೂ ತೋರಿಸುತ್ತಿದ್ದೆ.

ಈಚಿನ ಗಾಡಿಗಳಲ್ಲಿ ಬರೀ ಗುರುತು ಹೇಳಿದರೆ ಸಾಲದು. ಗಾಡಿ ಪ್ರತಿ ಸಲ ಹೊಸದೊಂದು ಸಂಖ್ಯೆ ಕಳಿಸುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಲೆಕ್ಕದಿಂದ ಉತ್ತರ ಕೊಡಬೇಕು. ಹಾಗಾಗಿ ನಿನ್ನೆಯ ಉತ್ತರವನ್ನು ಯಾರೋ ಕದ್ದು ಕೇಳಿಕೊಂಡಿದ್ದರೂ ಇವತ್ತಿಗೆ ಉಪಯೋಗವಿಲ್ಲ. ಉತ್ತರ ಸರಿ ಇದ್ದರೆ ಮಾತ್ರ ಇಂಜಿನ್ನಿನ ಕಂಪ್ಯೂಟರು ಪೆಟ್ರೋಲು, ಕಿಡಿ ಬಿಡುತ್ತದೆ. ಇಲ್ಲದಿದ್ದರೆ ಕೆಲವು ಗಾಡಿಗಳಲ್ಲಿ ಸ್ಟಾರ್ಟರೇ ತಿರುಗುವುದಿಲ್ಲ, ಕೆಲವು ಒಂದೆರಡು ಸೆಕೆಂಡ್ ಹೊತ್ತಿ ಆರಿಹೋಗುತ್ತವೆ. ಇದಕ್ಕೇ ಇಮ್ಮೊಬಿಲೈಸರ್ ಎನ್ನುವುದು. ಕಳ್ಳ ಬಾಗಿಲು ತೆಗೆದರೂ, ಲಾಕ್ ಒಡೆದರೂ, ವೈರು ಜೋಡಿಸಿದರೂ ಇಂಜಿನ್ ಓಡುವುದಿಲ್ಲ.

ನನ್ನ ತಮ್ಮ ಹೇಳಿದ ರೀತಿ ಇದಕ್ಕಿಂತ ಚೆನ್ನಾಗಿತ್ತು. "ರೇಷನ್ ಅಂಗಡೀಲಿ ಹೆಬ್ಬೆಟ್ಟು ಇಟ್ರೆ ಮಾತ್ರ ಅಕ್ಕಿ ಕೊಡ್ತಾರಲ್ಲ, ಹಂಗೇ ಇದು. ಅವ್ರು ಏನ್ ಮಾಡಿದಾರೆ ಅಂದ್ರೆ, ನಿನ್ನ ಹೆಬ್ಬೆಟ್ಟನ್ನ ಆ ಮೆಷೀನಿಗೇ ಅಂಟಿಸಿ ಬಿಟ್ಟಿದಾರೆ. ಇನ್ ಯಾರು ಹೋಗಿ ಕೇಳಿದ್ರೂ ಅಕ್ಕಿ ಸಿಗುತ್ತೆ."

ಎರಡನೇ ಕೀ ಒಡೆದು, ಚಿಪ್ ತೆಗೆದು, ಕಪ್ಪು ಟೇಪು ಸುತ್ತಿ ಆ ಉಂಗುರದ ಪಕ್ಕಕ್ಕೆ ಕಟ್ಟಿದ್ದರು. ಅಂದಿನಿಂದ ನಮ್ಮ ಗಾಡಿ ಯಾವ ಹೊತ್ತಿನಲ್ಲಿ ಕೇಳಿದರೂ "ಸರಿಯಾದ ಕೀ ಇಲ್ಲೇ ಇದೆ" ಎಂದೇ ತಿಳಿಯುತ್ತಿತ್ತು. ಮೀಟರಿನಲ್ಲಿ ಎಚ್ಚರಿಕೆಯ ದೀಪ ಕೂಡ ಬರುತ್ತಿರಲಿಲ್ಲ. ಬಟನ್ನಿಗಾಗಿ ಇಗ್ನಿಷನ್ ವೈರುಗಳನ್ನು ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಡಬ್ಬಿಗೆ ಎಳೆದಿದ್ದರು, ಕೀ ತೂರಿಸದೆ ತಿರುಗಲೆಂದು ಸ್ಟೀರಿಂಗ್ ಲಾಕನ್ನೂ ತೆಗೆದಿದ್ದರು. ಹೀಗಾದ ಮೇಲೆ ಒಳಗೆ ಬಂದವನಿಗೆ ಎರಡು ವೈರು ಮುಟ್ಟಿಸುವುದಷ್ಟೇ ಬಾಕಿ. ಕಂಪನಿಯವರು ಕೊಟ್ಟಿದ್ದ ಎರಡು ಕಾವಲನ್ನೂ 7,500 ರೂಪಾಯಿ ಕೊಟ್ಟು ನಾವೇ ತೆಗೆಸಿದಂತಾಗಿತ್ತು. ಅದೂ ಕಳ್ಳರ ಭಯ ಇರುವುದಿಲ್ಲ ಎಂಬ ಮಾತು ನಂಬಿ.

ಆ ಕಾವಲು ಎಷ್ಟು ದೊಡ್ಡದು ಎಂದು ಆಮೇಲೆ ಓದಿ ತಿಳಿದೆ. ಯುರೋಪಿನ ಒಕ್ಕೂಟದಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಅದರಿಂದ ಕಾರು ಕಳ್ಳತನ ಸರಾಸರಿ ಶೇ. 40ರಷ್ಟು ಇಳಿಯಿತು ಎಂದು ನೆದರ್ಲೆಂಡ್ಸಿನ ಅಧ್ಯಯನವೊಂದು ಲೆಕ್ಕ ಹಾಕಿದೆ. ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿ ಮಾರಿದ ಹ್ಯುಂಡೈ, ಕಿಯಾ ಕಾರುಗಳ ಅನೇಕ ಮಾಡೆಲ್‌ಗಳಲ್ಲಿ ಹಲವು ವರ್ಷ ಇಮ್ಮೊಬಿಲೈಸರ್ ಇರಲಿಲ್ಲ. 2015ರ ಮಾಡೆಲ್‌ಗಳನ್ನೇ ನೋಡಿದರೆ ಈ ಎರಡು ಕಂಪನಿಗಳಲ್ಲಿ ಶೇ. 26ರಷ್ಟಕ್ಕೆ ಮಾತ್ರ ಇದ್ದರೆ, ಬೇರೆ ಕಂಪನಿಗಳಲ್ಲಿ ಶೇ. 96ರಷ್ಟಕ್ಕೆ ಇತ್ತು. ಕೊನೆಗೆ ಹುಡುಗರು ಟಿಕ್‌ಟಾಕ್ ವಿಡಿಯೊ ನೋಡಿ, ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಇಗ್ನಿಷನ್ ತಿರುಗಿಸಿಕೊಂಡು ಕಾರು ಒಯ್ಯತೊಡಗಿದರು. ಚಿಪ್ಪಿನ ಗುಟ್ಟು ಒಡೆಯಲು ಆಗುವುದೇ ಇಲ್ಲ ಎಂದೇನೂ ಅಲ್ಲ. 2005ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಬಗೆಯ ಚಿಪ್ಪಿನ ಲೆಕ್ಕವನ್ನು ಬಿಡಿಸಿ ತೋರಿಸಿದ್ದರು. ಆದರೆ ಅದಕ್ಕೆ ಆ ಮಟ್ಟದ ವಿದ್ಯೆ ಬೇಕಾಗಿತ್ತು. ನಮ್ಮ ಮನೆ ಮುಂದಿನ ಕಾರಿಗೆ ಏನೂ ಬೇಕಿರಲಿಲ್ಲ.

ಇನ್ನು ವಿಮೆಯ ವಿಷಯ. ಅಂಗಡಿಯವರು ಹೇಳಿದ ರಿಯಾಯಿತಿ ಇಂಥ ಕಿಟ್‌ಗಳಿಗೆ ಇಲ್ಲ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ನಿರೋಧಕ ಸಾಧನವಾಗಿರಬೇಕು, ಅದನ್ನು ಅಳವಡಿಸಿದ್ದಕ್ಕೆ ಪ್ರಮಾಣಪತ್ರ ಇರಬೇಕು. ಆಗಲೂ ಹಳೆಯ ಮೋಟಾರು ಟಾರಿಫಿನ, ಅಂದರೆ ವಾಹನ ವಿಮೆಯ ದರಪಟ್ಟಿಯ, ಪ್ರಕಾರ ಸಿಗುತ್ತಿದ್ದದ್ದು ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5, ಅದೂ 500 ರೂಪಾಯಿ ಮೀರುವಂತಿರಲಿಲ್ಲ. ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ನಾವು ತಿಳಿಸಿರಲಿಲ್ಲ. ಆ ಒಂದು ಕಾರಣ, ಚಿಪ್ ಇಲ್ಲದ ಕೀ ಇನ್ನೊಂದು ಕಾರಣ, ಎರಡನ್ನೂ ಸೇರಿಸಿ ಮೊದಲು ಕ್ಲೇಮ್ ತಿರಸ್ಕರಿಸಿದರು. ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ನಮೂದಿಸಿದ ಬೆಲೆ, 4,10,000 ರೂಪಾಯಿ ಇತ್ತು. ಪೊಲೀಸರಿಂದ ಪತ್ತೆಯಾಗದ ಪ್ರಕರಣ ಎಂಬ ಸಿ ರಿಪೋರ್ಟ್ ತರಲು ತಿಂಗಳುಗಟ್ಟಲೆ ಓಡಾಡಿ ಆಗಿತ್ತು, ಆರ್‌ಟಿಒಗೆ ತಿಳಿಸಿ ಆಗಿತ್ತು, ಸಹಿ ಹಾಕಿದ ಫಾರಂಗಳಿಗೆ ಲೆಕ್ಕವಿಲ್ಲ. ಪರಿಚಯದ ವಕೀಲರು ದಾರಿ ತೋರಿಸಿದರು. ಬಾಡಿಗೆಗೆ ಓಡಿಸಿ ಪಾಲಿಸಿಯ ಷರತ್ತು ಮುರಿದಿದ್ದ ಕಾರೊಂದರ ಕಳುವಿನ ಪ್ರಕರಣದಲ್ಲೂ ಸುಪ್ರೀಂ ಕೋರ್ಟು 2008ರಲ್ಲಿ ಶೇ. 75 ಪರಿಹಾರವನ್ನು ಎತ್ತಿಹಿಡಿದಿದೆ, ಪೂರ್ತಿ ತಿರಸ್ಕರಿಸಿದರೆಂದು ಕೈಬಿಡಬೇಡಿ ಎಂದರು. ಅದನ್ನೇ ಹಿಡಿದು, ಅಂಗಡಿಯ ಬಿಲ್ಲಿನ ಜೊತೆ ಲಿಖಿತ ದೂರು ಕೊಟ್ಟಿದ್ದೇವೆ. ಬಿಲ್ ಜೋಪಾನ ಮಾಡಿದ್ದು ಒಂದೇ ನಮ್ಮ ಪುಣ್ಯ, ಎರಡನೇ ಕೀ ಅವರ ಕೈಗೆ ಹೋಗಿತ್ತೆನ್ನಲು ಬೇರೆ ಯಾವ ಸಾಕ್ಷಿಯೂ ನಮ್ಮಲ್ಲಿಲ್ಲ. ಫೈಲು ಇನ್ನೂ ಮುಗಿದಿಲ್ಲ. ನಾನು ಈಗ ಮತ್ತೆ ಬಸ್ಸಿಗೆ ಹೋಗುತ್ತಿದ್ದೇನೆ.

ಯಾರೇ ಆಗಲಿ, ಕಾರಿಗೆ ಏನೋ ಅಳವಡಿಸಲು ಎರಡನೇ ಕೀ ಕೇಳಿದರೆ ಗಾಡಿ ವಾಪಸ್ ತೆಗೆದುಕೊಂಡು ಬನ್ನಿ. ಇದಕ್ಕೆ ಒಂದೇ ಒಂದು ವಿನಾಯಿತಿ ಕಂಪನಿಯ ಸರ್ವಿಸ್ ಸೆಂಟರು. ಹೊಸ ಕೀ ನೋಂದಾಯಿಸುವಾಗ ಇರುವ ಕೀಗಳನ್ನೆಲ್ಲ ಅಲ್ಲಿ ಕೇಳುತ್ತಾರೆ, ಅದು ಸರಿಯಾದ ಕ್ರಮ. ಹಳೇ ಕಾರು ಕೊಳ್ಳುವವರು ಎರಡೂ ಕೀ ಕೇಳಿ ಪಡೆಯಿರಿ. "ಒಂದೇ ಇರೋದು, ಇನ್ನೊಂದು ಕಳೆದೋಯ್ತು" ಎಂದರೆ, ಆ ಕಳೆದುಹೋದ ಕೀಯನ್ನು ನಿಮ್ಮ ಕಾರು ಈಗಲೂ ನಂಬುತ್ತದೆ ಎಂಬುದು ನೆನಪಿರಲಿ. ಸ್ಕ್ಯಾನರ್ ಹಾಕಿಸಿ ಹಳೆಯ ಕೀಗಳನ್ನೆಲ್ಲ ಅಳಿಸಿ, ಕೈಯಲ್ಲಿರುವುದನ್ನು ಮಾತ್ರ ಹೊಸದಾಗಿ ನೋಂದಾಯಿಸಿಕೊಳ್ಳಿ. ನಿಮ್ಮದೇ ಕೀ ಕಳೆದರೂ ಹಾಗೇ ಮಾಡಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ತಮ್ಮ ಹೇಳಿಕೊಟ್ಟ. ಇದು ಕೀ ತಿರುಗಿಸಿ ಸ್ಟಾರ್ಟ್ ಮಾಡುವ, ಇಮ್ಮೊಬಿಲೈಸರ್ ಇರುವ ಕಾರುಗಳಿಗೆ. ಕೀಯ ಪ್ಲಾಸ್ಟಿಕ್ ತಲೆಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಲೋಹದ ಭಾಗ ಮಾತ್ರ ಹೊರಗೆ ಬಿಡಿ. ಇನ್ನೊಂದು ಕೀ ಹತ್ತಿರ ಇರಬಾರದು. ಈಗ ತಿರುಗಿಸಿ. ಇಮ್ಮೊಬಿಲೈಸರ್ ಎಚ್ಚರವಾಗಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಕೀ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತದೆ. ಫಾಯಿಲ್ ತೆಗೆದರೆ ಮೊದಲಿನ ಹಾಗೆ ಸ್ಟಾರ್ಟ್ ಆಗುತ್ತದೆ. ಫಾಯಿಲ್ ಇದ್ದಾಗಲೂ ಆರಾಮಾಗಿ ಸ್ಟಾರ್ಟ್ ಆಗಿ ನಿಂತರೆ, ಒಳಗೆ ಎಲ್ಲೋ ಇನ್ನೊಂದು ಚಿಪ್ ಕೂತಿರಬಹುದೆಂದು ಅನುಮಾನಪಡಿ, ಅವತ್ತೇ ಸರ್ವಿಸ್ ಸೆಂಟರಿನಲ್ಲಿ ತೋರಿಸಿ.

ಕಳೆದ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಶಾಲೆಯ ಮೈದಾನದಲ್ಲಿ ಸಹೋದ್ಯೋಗಿಗಳ ನಾಲ್ಕು ಕಾರುಗಳಿಗೆ ಇದನ್ನು ಮಾಡಿ ನೋಡಿದೆವು. ಮೂರು ಸ್ಟಾರ್ಟ್ ಆಗಲಿಲ್ಲ. ನಾಲ್ಕನೆಯದು, ನಮ್ಮ ಗಣಿತದ ಮೇಷ್ಟ್ರು ಹೋದ ವರ್ಷ ಹಳೇದು ಕೊಂಡಿದ್ದು, ಫಾಯಿಲ್ ಸುತ್ತಿದ ಕೀಯಿಂದ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರು ಕೀ ಹಿಡಿದುಕೊಂಡು ನನ್ನ ಮುಖ ನೋಡಿದರು. ಮರುದಿನ ಭಾನುವಾರ ನನ್ನ ತಮ್ಮ ಬಂದು ಸ್ಟೀರಿಂಗ್ ಕೆಳಗಿನ ಕವಚದ ಸ್ಕ್ರೂ ಬಿಚ್ಚಿದ. ಕಪ್ಪು ಟೇಪು ಸುತ್ತಿದ ಚಿಪ್ ಅಲ್ಲೇ, ಉಂಗುರದ ಬದಿಗೆ ಅಂಟಿಕೊಂಡಿತ್ತು. ಸೋಮವಾರ ಅವರು ಅರ್ಧ ದಿನ ರಜೆ ಹಾಕಿ ಸರ್ವಿಸ್ ಸೆಂಟರಿಗೆ ಹೋಗಿ, ಆ ಚಿಪ್ಪಿನ ಗುರುತನ್ನು ಅಳಿಸಿಸಿಕೊಂಡು ಬಂದರು.