ಸ್ವಿಫ್ಟ್ ಕಾರಿಗೆ ಅಲಾಯ್ ಚಕ್ರ: 6ಜೆ ಇಟಿ 40 ಹಾಕೋದಾ, 7ಜೆ ಇಟಿ 35 ಹಾಕೋದಾ?

ಎರಡನ್ನೂ ಹಾಕಿ ಓಡಿಸಿದ ಮೇಲೆ ಹೇಳುತ್ತಿದ್ದೇನೆ, 15 ಇಂಚಿನ 6ಜೆ ಇಟಿ 40 ಸಾಕು. ಜೆ ಹಿಂದಿನ ಅಂಕಿ ರಿಮ್‌ನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಆಫ್‌ಸೆಟ್: ಹಬ್‌ಗೆ (ಚಕ್ರ ಕೂರುವ ಗುಂಬ) ಒರಗುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಕ್ಕಿದೆ ಅನ್ನುವುದು. 7ಜೆ ಇಟಿ 35 ನಿಂತಲ್ಲಿ ಚೆಂದ, ಓಡುವಾಗ ಕಾಟ. ಎರಡರದ್ದೂ ಪಿಸಿಡಿ 4×100, ಅಂದರೆ 100 ಮಿ.ಮೀ. ವೃತ್ತದಲ್ಲಿ ನಟ್ಟಿಗೆ ನಾಲ್ಕು ತೂತು, ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ‘ಫಿಟ್ ಆಗುತ್ತೆ ಸಾರ್’ ಅಂತಲೇ ಹೇಳುತ್ತಾರೆ. ನಟ್ಟು ಕೂರುತ್ತದೆ ನಿಜ. ಟೈರ್ ಎಲ್ಲಿ ತಾಗುತ್ತದೆ ಅನ್ನುವುದು ಬೇರೆ ಲೆಕ್ಕ.

ಆ ಲೆಕ್ಕ ಮನೆಯಲ್ಲೇ ಮಾಡಬಹುದು. ಹಳೇ ಚಕ್ರ ಬಿಚ್ಚಿ ಹಿಂಬದಿ ನೋಡಿ, ಅಗಲ ಮತ್ತು ಆಫ್‌ಸೆಟ್ ಸಾಮಾನ್ಯವಾಗಿ ಅಲ್ಲೇ ಅಚ್ಚಾಗಿರುತ್ತವೆ. 5.5ಜೆ, ಇಟಿ 45 ಇದೆ ಎಂದಿಟ್ಟುಕೊಳ್ಳಿ. ಅಗಲವನ್ನು 25.4ರಿಂದ ಗುಣಿಸಿ ಅರ್ಧ ಮಾಡಿ. ಅದರಲ್ಲಿ ಇಟಿ ಕಳೆದರೆ ರಿಮ್ ಹಬ್‌ನಿಂದ ಎಷ್ಟು ಹೊರಗಿದೆ ಅಂತ ಸಿಗುತ್ತದೆ, ಕೂಡಿದರೆ ಎಷ್ಟು ಒಳಗಿದೆ ಅಂತ. ಹಳೆಯದು ಹೊರಗೆ 25 ಮಿ.ಮೀ., ಒಳಗೆ 115. 6ಜೆ ಇಟಿ 40 ಆದರೆ 36 ಮತ್ತು 116. 7ಜೆ ಇಟಿ 35 ಆದರೆ 54 ಮತ್ತು 124. ‘ಇಟಿ ಬರೀ ಹತ್ತು ಕಮ್ಮಿ ಅಲ್ವಾ’ ಅನ್ನುವವರಿಗೆ ತಪ್ಪುವುದು ಇಲ್ಲೇ. ರಿಮ್ ಅಂಚು ಹೊರಗೆ ಬಂದದ್ದು 29 ಮಿ.ಮೀ., ಅದರಲ್ಲಿ 19 ಬರೀ ಅಗಲದ ಪಾಲು.

ಈಗ 7ಜೆಯ ಆ ಕಾಟದ ಮಾತು. ಸ್ವಿಫ್ಟ್‌ನ ಹಿಂದಿನ ಸಸ್ಪೆನ್ಷನ್ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ. ಭಾರ ಬಿದ್ದಾಗ ಚಕ್ರ ಹೆಚ್ಚುಕಮ್ಮಿ ನೇರಕ್ಕೆ ಮೇಲೇರುತ್ತದೆ, ತಲೆ ಒಳಗೆ ವಾಲುವುದಿಲ್ಲ. ಒಬ್ಬರೇ ಓಡಿಸುವಾಗ ಸದ್ದಿಲ್ಲ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿಸಿ ಹಂಪ್ ಇಳಿದರೆ ‘ಜರ್ರ್’. ಟೈರ್‌ನ ಭುಜ ಆರ್ಚ್‌ನ (ಚಕ್ರದ ಮೇಲಿನ ಬಾಡಿಯ ಕಮಾನು) ಒಳಮಡಿಕೆಗೆ ಉಜ್ಜಿ, ರಬ್ಬರ್ ಮೇಲೆ ಸುತ್ತಲೂ ಹೊಳೆಯುವ ಗೀರು ಬೀಳುತ್ತದೆ.

ಮಡಿಕೆ ಬಗ್ಗಿಸಿಕೊಡುತ್ತೇವೆ ಅನ್ನುತ್ತಾರೆ. ಹೀಟ್ ಗನ್ನಿಂದ ಬಿಸಿ ಮಾಡದೆ ಬಗ್ಗಿಸಿದರೆ ಬಣ್ಣ ಬಿರಿಯುತ್ತದೆ, ಕರಾವಳಿಯ ಗಾಡಿಯಾದರೆ ತುಕ್ಕು ಅಲ್ಲಿಂದಲೇ ಶುರು. ಕೊಳ್ಳುವ ಮುಂಚೆ ಗಾಡಿ ತುಂಬಾ ಜನ ಕೂರಿಸಿ, ಆರ್ಚ್‌ನ ಒಳ ಅಂಚಿನಿಂದ ತೂಕದ ದಾರ ಇಳಿಬಿಟ್ಟು, ದಾರಕ್ಕೂ ಹಳೇ ಟೈರ್‌ನ ಉಬ್ಬಿಗೂ ಇರುವ ಅಂತರ ಅಳೆಯಿರಿ. 7ಜೆ ಇಟಿ 35ರಲ್ಲಿ 195 ಮಿ.ಮೀ. ಅಗಲದ ಟೈರ್ ಸುಮಾರು 20 ಮಿ.ಮೀ. ಹೊರಗೆ ಬರುತ್ತದೆ. ಅಂತರ 25 ಇಲ್ಲದಿದ್ದರೆ ಆಸೆ ಬಿಡಿ.

ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಆರ್ಚ್ ಒಳಗಿನ ಪ್ಲಾಸ್ಟಿಕ್ ಲೈನರ್ ತಾಗಬಹುದು. ಗುಂಡಿಯಲ್ಲಿ ಸ್ಟೀರಿಂಗ್ ಜಗ್ಗುವುದೂ ಹೆಚ್ಚು.

ದುಡ್ಡಿನ ಮಾತು: 185/65 ಆರ್15 ಟೈರ್‌ಗೆ 5ರಿಂದ 6.5ಜೆ ರಿಮ್ ಸರಿ. ನಿಮ್ಮದು ಅದೇ ಅಳತೆಯಾದರೆ ಇರುವ ಟೈರೇ 6ಜೆಗೆ ಕೂರುತ್ತದೆ. 7ಜೆಗೆ ಕನಿಷ್ಠ 195/60 ಬೇಕು, ಅಂದರೆ ನಾಲ್ಕು ಹೊಸ ಟೈರ್. ಚೆನ್ನಾಗಿರುವ ಟೈರ್ ಬಿಸಾಡುವುದು ನನ್ನ ಜಾಯಮಾನವಲ್ಲ.

ಯಾವುದೇ ತಗೊಂಡರೂ ಸೆಂಟರ್ ಬೋರ್, ಅಂದರೆ ರಿಮ್‌ನ ನಡುವಿನ ತೂತಿನ ಅಳತೆ ಕೇಳಿ. ಸ್ವಿಫ್ಟ್ ಹಬ್ 54.1 ಮಿ.ಮೀ., ಹೊರಗಿನ ರಿಮ್‌ಗಳು ಎಷ್ಟೋ ಸಲ 73.1. ಆ ಸಂದು ತುಂಬುವ ಹಬ್ ರಿಂಗ್ ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೈವೇಯಲ್ಲಿ ಸ್ಟೀರಿಂಗ್ ನಡುಗಬಹುದು. ನಟ್ಟು ಎಂ12×1.25, ಅಂದರೆ 12 ಮಿ.ಮೀ. ಸ್ಟಡ್‌ಗೆ, ಥ್ರೆಡ್‌ಗಳ ಅಂತರ (ಪಿಚ್) 1.25 ಮಿ.ಮೀ. ಹ್ಯುಂಡೈಯ 1.5 ಪಿಚ್ ನಟ್ಟು ಕೊಟ್ಟರೆ ಎರಡು ಸುತ್ತಿಗೇ ಬಿಗಿಯುತ್ತದೆ, ನಟ್ಟು ಬಿಗಿಯುವ ಗನ್ ಹಿಡಿದರೆ ಸ್ಟಡ್ಡೇ ಹಾಳು. ಮೊದಲ ಸುತ್ತುಗಳು ಕೈಯಲ್ಲೇ ಆಗಲಿ.

ಹಬ್‌ಗೂ ರಿಮ್‌ಗೂ ನಡುವೆ ಹಾಕುವ ಸ್ಪೇಸರ್ ಬಿಲ್ಲೆ ಬೇಡ. 10 ಮಿ.ಮೀ. ಸ್ಪೇಸರ್ ನಟ್ಟಿನ ಎಂಟು ಸುತ್ತು ತಿನ್ನುತ್ತದೆ, ಹಿಡಿತಕ್ಕೆ ಉಳಿಯುವುದು ಅಷ್ಟು ಕಮ್ಮಿ.

7ಜೆಯೇ ಬೇಕೆಂಬ ಹಟವಿದ್ದರೆ ಇಟಿ 45 ಹುಡುಕಿ. ರಿಮ್ ಹೊರಗೆ 19, ಒಳಗೂ 19 ಬೆಳೆಯುತ್ತದೆ. ಆಗ ಆರ್ಚ್ ಜೊತೆಗೆ ಮುಂದಿನ ಸ್ಟ್ರಟ್‌ಗೂ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಟೈರ್‌ಗೂ ನಡುವೆ ಬೆರಳು ತೂರುತ್ತದಾ ನೋಡಿಯೇ ಅಡ್ವಾನ್ಸ್ ಕೊಡಿ.