ತೋಟದ ಮನೆಯ ಬೆಕ್ಕಿಗೆ ನೋಬಿವ್ಯಾಕ್ ರೇಬೀಸ್ ಲಸಿಕೆ

ಕೊಡಗಿನ ತೋಟದ ಮನೆಗಳಲ್ಲಿ ನಾಯಿಗೆ ರೇಬೀಸ್ ಚುಚ್ಚುಮದ್ದು ಹಾಕಿಸುವವರೂ ಬೆಕ್ಕನ್ನು ಮರೆತುಬಿಡುತ್ತಾರೆ. ಇಲಿ ಹಿಡಿಯಲೆಂದು ಸಾಕಿದ ಬೆಕ್ಕು ರಾತ್ರಿಯೆಲ್ಲ ಕಾಫಿ ಗಿಡಗಳ ನಡುವೆ ಸುತ್ತುತ್ತದೆ. ಬೀದಿನಾಯಿಯೋ ನರಿಯೋ ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಾದರೆ ಅದೇ ಬೆಕ್ಕು ಮಕ್ಕಳ ಹಾಸಿಗೆಯಲ್ಲಿರುತ್ತದೆ. ಅದಕ್ಕೇ ಈ ಲಸಿಕೆಗೆ ಧೈರ್ಯವಾಗಿ 5ಕ್ಕೆ 4 ಅಂಕ ಕೊಡಬಹುದು.

ಡೋಸ್ 1 ಮಿ.ಲೀ., ನಾಯಿಗೂ ಬೆಕ್ಕಿಗೂ ಅಷ್ಟೇ. ಬೆಕ್ಕು ಚಿಕ್ಕದೆಂದು ಅರ್ಧ ಹಾಕುವಂತಿಲ್ಲ. ಮರಿಗೆ 12 ವಾರ ತುಂಬಿದ ಮೇಲೆ ಮೊದಲನೆಯದು, ಆಮೇಲೆ ನಮ್ಮಲ್ಲಿ ವರ್ಷಕ್ಕೊಂದು. ರಕ್ಷಣೆ ಬರಲು ಸುಮಾರು 3 ವಾರ ಬೇಕು, ಅಷ್ಟು ದಿನ ಮರಿಯನ್ನು ಒಳಗೇ ಇಟ್ಟುಕೊಳ್ಳಿ.

ಒಂದು ಅಂಕ ಕಡಿಮೆಯಾಗಿದ್ದು ಇದನ್ನು ಜೋಪಾನ ಮಾಡುವ ಕಷ್ಟಕ್ಕೆ. ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರುಗಳಲ್ಲಿ, ಫ್ರಿಜ್‌ಗೆ ಜನರೇಟರ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ತರುವಾಗ ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿರಬೇಕು, ಏಕೆಂದರೆ ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಬಂದು ಕರಗುವುದು ಸಾಮಾನ್ಯ. ತಿಂಗಳಾದರೂ ಬೆಳೆಯುತ್ತಿದ್ದರೆ, 2 ಸೆಂ.ಮೀ. ದಾಟಿದರೆ ಅಥವಾ 3 ತಿಂಗಳಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಲಕ್ಷಣ ಕಾಣಿಸಿದ ಮೇಲೆ ಈ ಲಸಿಕೆಯಿಂದ ಏನೂ ಆಗದು, ಬೇರೆ ಮದ್ದೂ ಇಲ್ಲ. ಹಾಗಾಗಿ ಲಕ್ಷಣಗಳ ಗುರುತು ಇರಬೇಕು. ಕಚ್ಚಿಸಿಕೊಂಡ ಎರಡು ವಾರದಿಂದ ಕೆಲವು ತಿಂಗಳೊಳಗೆ ಅವು ಶುರುವಾಗಬಹುದು. ಮೊದಲ ಒಂದೆರಡು ದಿನ ಕಾಣುವುದು ಸ್ವಭಾವದ ಬದಲಾವಣೆ ಮಾತ್ರ: ಮಡಿಲಿಗೆ ಬರುತ್ತಿದ್ದ ಬೆಕ್ಕು ಸೌದೆ ರಾಶಿಯ ಹಿಂದೆ ಅಡಗುತ್ತದೆ, ಮನುಷ್ಯರ ಹತ್ತಿರ ಸುಳಿಯದಿದ್ದದ್ದು ಕಾಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕಣ್ಣಪಾಪೆ ಅಗಲವಾಗಿ, ‘ಮಿಯಾಂವ್’ ಒಡಕಾಗಿ, ಕಾರಣವಿಲ್ಲದೆ ಹಾರಿ ಕಚ್ಚಿ ಬಿಡದೆ ಹಿಡಿಯುತ್ತದೆ. ಬೆಕ್ಕಿನಲ್ಲಿ ಈ ಉಗ್ರ ರೂಪವೇ ಹೆಚ್ಚು. ಕೊನೆಗೆ ಹಿಂಗಾಲು ಎಳೆದುಕೊಂಡು ನಡೆದು, ದವಡೆ ಜೋತು, ಜೊಲ್ಲು ಸುರಿಯುತ್ತದೆ. ಲಕ್ಷಣ ಶುರುವಾದ ಹತ್ತು ದಿನದೊಳಗೆ ಸಾಮಾನ್ಯವಾಗಿ ಸಾವು.

ನಮ್ಮ ತೋಟಗಳಲ್ಲಿ ಇದನ್ನು ಕೀಟನಾಶಕದ ವಿಷ ಎಂದುಕೊಳ್ಳುವುದು ಸುಲಭ. ಆರ್ಗನೋಫಾಸ್ಫೇಟ್ ಜಾತಿಯ ಔಷಧಿ ನೆಕ್ಕಿದರೂ ಜೊಲ್ಲು ಸುರಿಯುತ್ತದೆ. ಆಗ ಪಾಪೆ ಸಾಮಾನ್ಯವಾಗಿ ಸಾಸಿವೆಯಷ್ಟು ಚಿಕ್ಕದಾಗುತ್ತದೆ, ಮೈ ನಡುಗುತ್ತದೆ. ಇದರ ಮೇಲೆ ನೀವೇ ತೀರ್ಮಾನಿಸಬೇಡಿ. ಮೀನಿನ ಮುಳ್ಳು ಸಿಕ್ಕಿದೆಯೇನೋ ಎಂದು ಬಾಯಿಗೆ ಬೆರಳು ಹಾಕುವುದಂತೂ ಬೇಡವೇ ಬೇಡ. ಬಾಗಿಲು ಹಾಕಿ, ಒಂದು ಕೋಣೆಯಲ್ಲಿ ಬಿಟ್ಟು, ಪಶುವೈದ್ಯರಿಗೆ ಫೋನ್ ಮಾಡಿ.

ಕಚ್ಚಿದ್ದರೆ, ಪರಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ಲಸಿಕೆ ಆಗಿದ್ದರೂ ಹೋಗಬೇಕು. ಬೆಕ್ಕನ್ನು 10 ದಿನ ಗಮನಿಸುವುದು ಸರಿ, ಆದರೆ ಮನುಷ್ಯರ ಚುಚ್ಚುಮದ್ದು ಆ ಹತ್ತು ದಿನ ಕಾಯಬಾರದು. ಬೆಕ್ಕು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ. ರೋಗ ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ.