ಕುತ್ತಿಗೆ ಸ್ಕ್ಯಾನಿಗೆ ಮಗುವನ್ನು ಉಪವಾಸ ಕೂರಿಸಿದರು, ಆದರೂ ಮೂರೂವರೆ ಸ್ಟಾರ್

ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದಿನ ಸ್ಕ್ಯಾನಿಂಗ್ ಸೆಂಟರ್ ಇದು, ಹೆಸರು ಬೇಡ. ಭಾನುವಾರ ಎಣ್ಣೆ ಹಚ್ಚುವಾಗ ಐದು ವರ್ಷದ ಮಗನ ಕುತ್ತಿಗೆಯ ನಟ್ಟನಡುವೆ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತು. ಅತ್ತೆ 'ಶೀತದ ಗಂಟು, ಇಳಿಯುತ್ತೆ' ಅಂದರು. ನಮ್ಮವರು ರಾತ್ರಿಯೆಲ್ಲ ಮೊಬೈಲಿನಲ್ಲಿ ಕ್ಯಾನ್ಸರ್ ಬಗ್ಗೆ ಓದಿ, ಬೆಳಿಗ್ಗೆ ಸಿಟಿ ಸ್ಕ್ಯಾನೇ ಮಾಡಿಸೋಣ ಅಂತ ಹಟ ಹಿಡಿದರು. ಮಕ್ಕಳ ಡಾಕ್ಟರು ಒಪ್ಪಲಿಲ್ಲ. ಮಕ್ಕಳ ಕುತ್ತಿಗೆ ಗಂಟಿಗೆ ಮೊದಲು ಅಲ್ಟ್ರಾಸೌಂಡ್. ವಿಕಿರಣ ಇಲ್ಲ, ಮಲಗಿಸುವ ಇಂಜೆಕ್ಷನ್ನೂ ಬೇಡ.

ಫೋನಿನಲ್ಲಿ ಕೌಂಟರ್ ಹುಡುಗಿ 'ಖಾಲಿ ಹೊಟ್ಟೇಲಿ ಬನ್ನಿ ಮೇಡಂ' ಅಂದಳು. ಹೋದೆವು. ನೀರು ಕುಡಿದು ಚಡಪಡಿಸುತ್ತಿದ್ದ ಗರ್ಭಿಣಿಯರ ಸಾಲು, ಗೋಡೆ ಮೇಲೆ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ' ಬೋರ್ಡು, ನಡುವೆ ಇಡ್ಲಿ ಇಡ್ಲಿ ಅಂತ ಅಳುವ ನನ್ನ ಮಗ. ಎರಡೂವರೆ ಗಂಟೆ! ಒಳಗೆ ಹೋದರೆ ಡಾಕ್ಟರಮ್ಮ, 'ಕುತ್ತಿಗೆಗೆ ಉಪವಾಸ ಯಾಕಮ್ಮ? ಅದು ಹೊಟ್ಟೆ ಸ್ಕ್ಯಾನಿಗೆ' ಅಂದರು. ಅಲ್ಲಿಗೆ ಒಂದು ಸ್ಟಾರ್ ಕಟ್.

ಆ ಡಾಕ್ಟರಮ್ಮನಿಗೆ ಮಾತ್ರ ಐದಕ್ಕೆ ಐದು. ಜೆಲ್ಲಿಯನ್ನು ಮೊದಲು ಅವನ ಅಂಗೈಗೆ ಹಚ್ಚಿ 'ಐಸ್‌ಕ್ರೀಂ ತರ ತಣ್ಣಗಿದೆಯಾ?' ಅಂತ ಕೇಳಿ, ಆಮೇಲೆ ಹೆಗಲ ಕೆಳಗೆ ದಿಂಬಿಟ್ಟು ತಲೆ ಹಿಂದಕ್ಕೆ ಬಾಗಿಸಿದರು. 'ನಾಲಿಗೆ ಚಾಚಿ ನನ್ನನ್ನ ಅಣಕಿಸು ನೋಡೋಣ.' ಅಣಕಿಸಿದ, ಪರದೆಯಲ್ಲಿ ಗುಂಡಗೆ ಕಪ್ಪಗಿದ್ದ ಗಂಟು ಮೇಲಕ್ಕೆ ಸರಿಯಿತು. ಥೈರೋಗ್ಲಾಸಲ್ ಸಿಸ್ಟ್ ಅಂತೆ. ಗರ್ಭದಲ್ಲಿರುವಾಗ ಥೈರಾಯ್ಡ್ ಗ್ರಂಥಿ ನಾಲಿಗೆಯ ಬುಡದಿಂದ ಕುತ್ತಿಗೆಗೆ ಇಳಿದು ಬರುವ ದಾರಿ ಪೂರ್ತಿ ಮುಚ್ಚದೆ, ಅಲ್ಲಿ ನೀರು ತುಂಬಿಕೊಂಡದ್ದು. ಅಷ್ಟಕ್ಕೇ ಬಿಡದೆ ಇನ್ನೂ ಕೆಳಗಿಳಿದು, ಶ್ವಾಸನಾಳದ ಎರಡೂ ಬದಿ ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ಅಂತ ನೋಡಿದರು. ಅಪರೂಪಕ್ಕೆ ಆ ಗಂಟೇ ಮಗುವಿಗಿರುವ ಒಂದೇ ಥೈರಾಯ್ಡ್ ಆಗಿರುತ್ತದಂತೆ. ನೋಡದೆ ತೆಗೆದರೆ ಬದುಕಿಡೀ ಮಾತ್ರೆ. ಪಕ್ಕದಲ್ಲಿ ಅವರೆಕಾಳಿನಂಥ ಎರಡು ಪುಟ್ಟ ಗಂಟು ತೋರಿಸಿ 'ಇವು ಶೀತದವು, ಹೆದರಬೇಡಿ' ಅಂದರು. ಅತ್ತೆ ಈಗಲೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾರೆ.

ಸರ್ಜನ್ ಈ ರಿಪೋರ್ಟೇ ಸಾಕು, ಸಿಟಿ ಬೇಡ ಅಂದಿದ್ದಾರೆ. ಬೇಸಿಗೆ ರಜೆಯಲ್ಲಿ ಆಪರೇಷನ್. ಗಂಟಿನ ಜೊತೆ ನಾಲಿಗೆ ಬುಡದ ಕೆಳಗಿರುವ ಹಯಾಯ್ಡ್ ಅನ್ನೋ ಪುಟ್ಟ ಮೂಳೆಯ ನಡುಭಾಗವನ್ನೂ ತೆಗೆಯುತ್ತಾರಂತೆ, ಇಲ್ಲದಿದ್ದರೆ ಮತ್ತೆ ಬರುವುದು ಜಾಸ್ತಿ.

ಇನ್ನರ್ಧ ಸ್ಟಾರ್ ಹೋದದ್ದು ಟೈಪಿಂಗಿಗೆ. ರಿಪೋರ್ಟಿನಲ್ಲಿ ಮಗನ ವಯಸ್ಸು 50! ತಿದ್ದಿಸಲು ಮತ್ತೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಎದುರಿನ ಹೋಟೆಲಲ್ಲಿ ಅವನು ಮೂರು ಇಡ್ಲಿ ಮುಗಿಸಿದ್ದ.